ಅಲೆಗಳು ಕಲ್ಲಾದ ಬೆಟ್ಟ

ನೊಯ್‌ಬಿಬರ್ಗ್, ಜರ್ಮನಿ
೨ ಫೆಬ್ರುವರಿ ೨೦೦೩

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಧು ಮಾಡುವ ಶರಣು.

ನಾವಿಬ್ಬರೂ ಆರಾಮವಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಅವ್ವ ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ದೀಪಾವಳಿಯಿಂದ ಈಚೆಗೆ ನಿಮಗೆ ಒಂದು ಸಾಲೂ ಬರೆದಿಲ್ಲ. ಫೋನಿನಲ್ಲೂ ಅವ್ವನ ಜೊತೆ ಮಾತಾಡಿ, 'ಅಪ್ಪಗ ಹೇಳು' ಎಂದು ಇಟ್ಟುಬಿಡುತ್ತಿದ್ದೆ. ತಪ್ಪು ತಿಳಿಯಬೇಡಿ ಎಂದು ಬರೆಯಹೊರಟೆ. ಆದರೆ ನೀವು ತಿಳಿದದ್ದು ತಪ್ಪೇನೂ ಇರಲಿಕ್ಕಿಲ್ಲ. ಅದಿರಲಿ. ಕ್ರಿಸ್‌ಮಸ್ ರಜೆಯಲ್ಲಿ ನಾವು ಬ್ರೆಜಿಲ್‌ಗೆ ಹೋಗಿಬಂದೆವು, ಅದನ್ನು ನಿಮಗೆ ಹೇಳದೆ ಇರಲಾಗಲಿಲ್ಲ.

ನಿಮ್ಮ ಅಳಿಯಂದಿರ ಆಫೀಸಿನಲ್ಲಿ ಪೌಲೋ ಎಂಬ ಹುಡುಗನಿದ್ದಾನೆ. ಇವರ ಹಾಗೆಯೇ ಜರ್ಮನಿಯ ಗ್ರೀನ್ ಕಾರ್ಡ್ ಮೇಲೆ ಬಂದವನು; ಇಬ್ಬರೂ ಅಕ್ಕಪಕ್ಕ ಕೂತು ಚಿಪ್ ಡಿಸೈನ್ ಮಾಡುತ್ತಾರೆ. ಅವನ ಮದುವೆಗೆ ಅವನ ಊರು ಲೆನ್ಸೋಯಿಸ್‌ಗೆ ಹೋದೆವು. ಸಮುದ್ರದ ದಂಡೆಯಿಂದ ಬಸ್ಸು ಇಡೀ ಹಗಲು ಒಳನಾಡಿಗೆ ಏರುತ್ತದೆ. ಹಿಂದೆ ಆ ಬೆಟ್ಟದ ಸೀಮೆಯಲ್ಲಿ ವಜ್ರ ಸಿಗುತ್ತಿತ್ತಂತೆ. ಲೆನ್ಸೋಯಿಸ್ ಎಂದರೆ ಹಾಸಿಗೆಯ ಚಾದರಗಳು. ವಜ್ರ ಹುಡುಕಲು ಬಂದವರು ಹೊಳೆಯ ಪಕ್ಕ ಹೂಡಿದ ಬಿಳಿ ಡೇರೆಗಳು, ಮೇಲಿನಿಂದ ನೋಡಿದರೆ ಯಾರೋ ಚಾದರ ಒಣಹಾಕಿದಂತೆ ಕಾಣುತ್ತಿದ್ದವಂತೆ. ಇದನ್ನು ಹೇಳಿದವರು ಪೌಲೋನ ತಾಯಿ ಲೂಸಿಯಾ. ಖಣದ ಅಂಗಡಿಯಲ್ಲಿ ಬಟ್ಟೆ ಹರವಿಕೊಂಡು ಕೂರುವ ನಿಮ್ಮ ನೆನಪಾಯಿತು. ನಾವು ಮಾಂಸ ತಿನ್ನುವುದಿಲ್ಲವೆಂದು ಆಕೆ ಪಾಪಾಸುಕಳ್ಳಿಯ ಪಲ್ಯ ಮಾಡಿದ್ದರು. ಅವ್ವ ನಂಬಲಿಕ್ಕಿಲ್ಲ, ಇವರು ಎರಡು ಸಲ ಹಾಕಿಸಿಕೊಂಡರು.

ಮದುವೆಯ ಮರುದಿನ ಇಗಾತು ಎಂಬ ಊರು ನೋಡಿದೆವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮನೆಗಳು. ವಜ್ರ ತೀರಿದ ಮೇಲೆ ಬಹಳ ಮಂದಿ ಊರು ಬಿಟ್ಟರಂತೆ. ಈಗ ಅಡುಗೆಮನೆಗಳಲ್ಲಿ ಮರ ಬೆಳೆದಿವೆ. ಒಂದು ಮನೆಗೆ ಸೂರೇ ಇಲ್ಲ, ಆದರೆ ಒಲೆಯ ಹಿಂದಿನ ಗೋಡೆ ಇನ್ನೂ ಕಪ್ಪಗಿತ್ತು. ಅಲ್ಲಿ ನಾನು ಗಟ್ಟಿಯಾಗಿ ಮಾತಾಡಲಿಲ್ಲ.

ಆಮೇಲೆ ಫುಮಾಸಾ ಜಲಪಾತ. ಹಾಗೆಂದರೆ ಹೊಗೆ ಎಂದು ಪೌಲೋ ಹೇಳಿದ. ಬೆಟ್ಟದ ತುದಿಯ ಬಂಡೆಯ ಮೇಲೆ ಬೋರಲು ಮಲಗಿ, ತಲೆ ಮಾತ್ರ ಹೊರಗೆ ಚಾಚಿ ನೋಡಬೇಕು. ಇವರು ನನ್ನ ಕಾಲು ಹಿಡಿದುಕೊಂಡಿದ್ದರು. ಕೆಳಗೆ ನೆಲವೇ ಇಲ್ಲವೆನಿಸಿತು. ನೀರು ಅರ್ಧ ದಾರಿಯಲ್ಲೇ ಹೊಗೆಯಾಗುತ್ತದೆ. ಕಣಿವೆಯ ಗಾಳಿ ಅದನ್ನು ತಿರುಗಿ ಮೇಲಕ್ಕೆ ತರುತ್ತದೆ. ಬಿದ್ದುಹೋದ ನೀರು ನನ್ನ ಮುಖ ತೋಯಿಸಿತು. ಗೋಕಾಕ ನೋಡಿದ ನನಗೆ ನೀರು ಬೀಳುವುದು ಗೊತ್ತಿತ್ತು, ಏಳುವುದು ಗೊತ್ತಿರಲಿಲ್ಲ.

ಕೊನೆಯ ದಿನ ಸಂಜೆ ಪಾಯಿ ಇನಾಸಿಯೊ ಬೆಟ್ಟ ಹತ್ತಿದೆವು. ನೆತ್ತಿ ನಮ್ಮ ಬಾದಾಮಿಯ ಗುಡ್ಡಗಳ ಹಾಗೆ ಸಪಾಟು. ಸುತ್ತಲೂ ಅಂಥವೇ ಕೆಂಪು ಬೆಟ್ಟಗಳು, ಒಂದರ ಹಿಂದೆ ಒಂದು, ಕಣ್ಣು ಹರಿಯುವವರೆಗೆ. ಎಲ್ಲರೂ ಆ ಕಡೆ ನೋಡುತ್ತಿದ್ದರು. ನಾನು ಕಾಲ ಕೆಳಗೆ ನೋಡಿ ಕುಸಿದು ಕೂತೆ. ಹಾಸುಬಂಡೆಯ ಮೇಲೆ ಸಣ್ಣ ಸಣ್ಣ ಅಲೆಗಳು, ಈಗಷ್ಟೇ ನೀರು ಸರಿದುಹೋದ ಮರಳಿನ ಹಾಗೆ.

"ಏನಾತು? ಕಾಲು ಉಳುಕಿತೇನು?" ಎಂದರು ಇವರು.

"ಇಲ್ರಿ. ಇದು ನೀರಿನ ತಳ. ಇಲ್ಲಿ ನೀರು ಹರೀತಿತ್ತು, ನೂರು ಕೋಟಿ ವರ್ಷಕ್ಕೂ ಹಿಂದ. ಆವಾಗ ಗಿಡಾ ಇಲ್ಲ, ಹಕ್ಕಿ ಇಲ್ಲ. ಮರಳಿನ ಮ್ಯಾಲ ಅಲಿ ಎದ್ದಿತ್ತು, ಅದು ಹಂಗ ಉಳಕೊಂಡದ. ಬಾದಾಮಿ ಕಲ್ಲಿನಾಗೂ ಇಂಥಾವು ಅದಾವ."

ಹೇಳುತ್ತ ಹೇಳುತ್ತ ಎದ್ದು ಬಂಡೆಯಿಂದ ಬಂಡೆಗೆ ಓಡಾಡಿದೆ. ನೀರು ಯಾವ ದಿಕ್ಕಿಗೆ ಹರಿದಿತ್ತೆಂದು ಅಲೆಗಳ ಓರೆ ನೋಡಿ ಕೈಯಲ್ಲಿ ತೋರಿಸಿದೆ. ಪೌಲೋ ಅದನ್ನೆಲ್ಲ ತನ್ನ ಮಾತಿನಲ್ಲಿ ಬಳಗಕ್ಕೆ ಹೇಳುತ್ತಿದ್ದ. ಚಿಕ್ಕಂದಿನಿಂದ ಆ ಬೆಟ್ಟ ಹತ್ತುತ್ತ ಬಂದ ಲೂಸಿಯಾ ಚಪ್ಪಲಿ ಕಳಚಿಟ್ಟು ಬರಿಗಾಲನ್ನು ಆ ಅಲೆಗಳ ಮೇಲಿಟ್ಟರು. "ಹಾಗಾದರೆ ನಾವು ಈಗ ನೀರಿನೊಳಗೆ ನಿಂತಿದ್ದೇವೆ" ಎಂದರಂತೆ. ಸೂರ್ಯ ಮುಳುಗುವವರೆಗೂ ಅಲ್ಲೇ ಇದ್ದೆವು.

ಇಳಿಯುವಾಗ ಇವರು, "ಇದನ್ನೆಲ್ಲ ನನಗ ಯಾಕ ಹೇಳಿಲ್ಲ ನೀ?" ಎಂದು ಕೇಳಿದರು.

"ಬಯೊಡಾಟಾದಾಗ ಇತ್ತಲ್ರಿ, ಭೂವಿಜ್ಞಾನ ಎಂ.ಎಸ್ಸಿ. ಅಂತ."

"ಅದನ್ನ ಓದಿದ್ದೆ. ಅಂದ್ರ ಇದು ಅಂತ ಗೊತ್ತಿರಲಿಲ್ಲ."

ತಿರುಗಿ ಬಂದ ವಾರವೇ ಅವರು ಅರ್ಧ ದಿನ ರಜೆ ಹಾಕಿ ನನ್ನನ್ನು ಮ್ಯೂನಿಕ್ಕಿನ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು. ನನ್ನ ವೀಸಾ ಮೇಲೆ ಕೆಲಸ ಮಾಡುವಂತಿಲ್ಲ, ಪಾಠ ಕೇಳಬಹುದು. ಏಪ್ರಿಲ್‌ನಿಂದ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಜರ್ಮನ್ ಇನ್ನೂ ತೊದಲುತ್ತೇನೆ, ಆದರೆ ಕಲ್ಲುಗಳ ಹೆಸರು ಬಹಳಷ್ಟು ಗುರುತಿನವೇ.

ಇಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ. ತಮ್ಮ ಬಸವನಿಗೆ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ನನ್ನ ಆಶೀರ್ವಾದ ತಿಳಿಸಿ. ಅವ್ವನನ್ನು ದವಾಖಾನೆಗೆ ಕರೆದೊಯ್ಯಲು ಮರೆಯಬೇಡಿ. ಹೊಸ ಓದಿಗೆ ನಿಮ್ಮಿಬ್ಬರ ಹರಕೆ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು
ಮಧುಮತಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮದುವೆಗಾಗಿ ನನ್ನ ಪಿಎಚ್.ಡಿ. ಅರ್ಧಕ್ಕೆ ನಿಂತ ದಿನ ನಾನು ಅತ್ತಾಗ ನೀವು ತಲೆ ಸವರಿ, "ಕಲ್ಲು ಎಲ್ಲಿಗೂ ಹೋಗೂದಿಲ್ಲವ್ವಾ, ಗಂಡು ಹೋಗ್ತದ" ಎಂದಿರಿ. ಬಾದಾಮಿಯ ಗುಡ್ಡಗಳಲ್ಲಿ ಬಿಸಿಲಿಗೆ ಅಲೆದು ತಂದ ಕಲ್ಲುಗಳನ್ನು, ಒಂದೊಂದರ ಮೇಲೂ ಸಿಕ್ಕ ಜಾಗ ಬರೆದು, ಅಟ್ಟದ ಪೆಟ್ಟಿಗೆಗಳಲ್ಲಿ ಇಟ್ಟು ಬಂದೆ. ದೀಪಾವಳಿಗೆ ಫೋನ್ ಮಾಡಿದಾಗ ಬಸವ ನಗುತ್ತ ಹೇಳಿದ, "ಅಕ್ಕಾ, ನಿನ್ನ ಕಲ್ಲು ಕೆಲಸಕ್ಕ ಬಂದ್ವು ನೋಡು. ಹೊಸ ಮನಿ ಬುನಾದಿಗೆ ಅಪ್ಪ ಎಲ್ಲಾ ಸುರಿಸಿಬಿಟ್ರು." ನೀವು ಬೇಕೆಂದು ಮಾಡಿರಲಿಕ್ಕಿಲ್ಲ. ಆದರೆ ಅಪ್ಪ, ನಿಮ್ಮ ಆ ಮಾತನ್ನು ನಾನು ನಂಬಿದ್ದೆ.