ನಲವತ್ತೊಂದನೇ ನಂಬರಿನ ಅಕ್ಕನಿಗೆ

ದಾವಣಗೆರೆ
ಫೆಬ್ರವರಿ ೩೦, ೨೧೬೮

ಅಕ್ಕಾ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಯಾಕೆ ಅಂತ ನನಗೂ ಗೊತ್ತಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನ ಹೆಸರು ನನಗೆ ತಿಳಿಯದು. ಹಳೆಯ ಕಡತದಲ್ಲಿ ಇರುವುದು ಇಷ್ಟೇ: ನಂಬರ್ ನಲವತ್ತೊಂದು, ಹೆಂಗಸು, ವಯಸ್ಸು ಐವತ್ತೆರಡು, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದೆ. ನನಗೆ ಅರವತ್ತೊಂದು. ಆದರೂ ನೂರಮೂವತ್ತು ವರ್ಷ ಮುಂಚೆ ಹುಟ್ಟಿದವಳನ್ನು ತಂಗಿ ಅನ್ನಲು ಬಾಯಿ ಬರಲಿಲ್ಲ.

ನಾನು ಸಂಕಣ್ಣ, ಟ್ರಾಮ್ ಓಡಿಸುತ್ತಿದ್ದವನು. ನಿನ್ನ ಕಾಯಿಲೆಯೇ ನನಗೂ. ನಮ್ಮಲ್ಲಿ ಪ್ರತಿ ಮನೆಯ ಕಕ್ಕಸಿನಲ್ಲೂ ಹೊಟ್ಟೆಗಾವಲು ಅಂತ ಒಂದು ಯಂತ್ರ ಇರುತ್ತದೆ. ಮಲದಲ್ಲಿ ರಕ್ತದ ಸುಳಿವು ಸಿಕ್ಕರೆ ಅದು ಆರೋಗ್ಯ ಕಚೇರಿಗೆ ಸುದ್ದಿ ಮುಟ್ಟಿಸುತ್ತದೆ, ಗಡ್ಡೆ ಕಡಲೆಕಾಳಿನಷ್ಟಿರುವಾಗಲೇ ಅವರು ತೆಗೆದುಬಿಡುತ್ತಾರೆ. ಆ ಕಚೇರಿಯಲ್ಲಿ ನಮ್ಮ ಓಣಿಯವನೇ ಒಬ್ಬ ಕೂತಿದ್ದಾನೆ. ನನ್ನ ಕಕ್ಕಸಿನ ವರದಿ ಅವನೇಕೆ ಓದಬೇಕು ಅಂತ ಸಿಟ್ಟು ಬಂದು ವೈರು ಕಿತ್ತು ಹಾಕಿದ್ದೆ. ಆರು ವರ್ಷ! ನನ್ನಂಥ ಮುಠ್ಠಾಳ ಊರಲ್ಲಿ ಮತ್ತೊಬ್ಬ ಇಲ್ಲ, ಅದಕ್ಕೇ ಹನ್ನೆರಡು ಹಾಸಿಗೆಯ ವಾರ್ಡಿನಲ್ಲಿ ನಾನೊಬ್ಬನೇ ಮಲಗಿದ್ದೇನೆ. ಹನ್ನೊಂದು ಗಂಟೆಗೆ ಬಿಸಿಲಬಾಗಿಲು ಹಾಕುತ್ತಾರೆ, ಎಂದರೆ ಸಂಜೆ ಐದರವರೆಗೆ ಊರಿಗೆ ಊರೇ ಒಳಗೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಬೊಗಳುವುದಿಲ್ಲ. ನರ್ಸ್ ಜುಬೇದಾ ದಿನಕ್ಕೆ ಮೂರು ಸಲ ಬರುತ್ತಾಳೆ. ಒಳ್ಳೆಯ ಹುಡುಗಿ, ಆದರೆ ಇಷ್ಟು ಮುಂದುವರಿದ ಕಾಯಿಲೆಯನ್ನು ಅವಳು ಕಂಡೇ ಇರಲಿಲ್ಲ. ಪುಸ್ತಕ ನೋಡಿಕೊಂಡೇ ಸೂಜಿ ಚುಚ್ಚುತ್ತಾಳೆ.

ಇಲ್ಲಿ ಕೀಮೋ ಶುರು ಮಾಡುವ ಮೊದಲು ರಕ್ತ ತೆಗೆದು, ಅದರಲ್ಲಿ ರೋಗದ ಜೊತೆ ಹೋರಾಡುವ ಕಣಗಳನ್ನು ಬೇರ್ಪಡಿಸಿ, ಎರಡು ವಾರ ಹೊರಗೆ ಸಾಕುತ್ತಾರೆ. ಅದಕ್ಕೆ ನಾವು ತವರಿಗೆ ಕಳಿಸುವುದು ಅನ್ನುತ್ತೇವೆ. ಕೀಮೋ ಗಡ್ಡೆಯನ್ನು ಬಡಿದು ಸುಸ್ತು ಮಾಡುತ್ತದೆ. ಆಮೇಲೆ ಮೈತುಂಬಿಕೊಂಡ ಕಣಗಳು ವಾಪಸು ಬಂದು ಉಳಿದದ್ದನ್ನು ನೋಡಿಕೊಳ್ಳುತ್ತವೆ. ನಿನ್ನ ಕಾಲಕ್ಕೆ ಇದು ಇನ್ನೂ ಪರೀಕ್ಷೆ. ಅರ್ಧ ಜನಕ್ಕೆ ಎರಡೂ, ಇನ್ನರ್ಧ ಜನಕ್ಕೆ ಬರೀ ಕೀಮೋ, ಚೀಟಿ ಎತ್ತಿದ ಹಾಗೆ. ನಿನಗೆ ಬರೀ ಕೀಮೋ ಬಂತು. ನನ್ನ ಕಣಗಳೋ, ಎರಡು ಸಲ ಕಳಿಸಿದರೂ ತವರಲ್ಲೇ ಸತ್ತವು. ಅದನ್ನು ಹೇಳುವಾಗ ಜುಬೇದಾ ನನ್ನ ಮುಖ ನೋಡಲಿಲ್ಲ. ಹೀಗೆ ನನಗೂ ಬರೀ ಕೀಮೋ. ನಾಲ್ಕು ಸರದಿ ಆಯಿತು, ನಾಳೆ ಐದನೆಯದು.

ಒಬ್ಬನೇ ಕೂತು ತಲೆ ಕೆಟ್ಟು, ನಿಮ್ಮ ಪರೀಕ್ಷೆಯ ಕಡತ ತರಿಸಿಕೊಂಡೆ. ಬರೀ ಕೀಮೋ ತೆಗೆದುಕೊಂಡವರ ಪುಟಗಳಲ್ಲಿ ಉಳಿದಿರುವುದು ನಿನ್ನದೊಂದೇ. ತಣ್ಣೀರು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ ಅಂತ ಹೇಳಿದ್ದೀಯ. ಓದಿದವನೇ ಎದ್ದುಹೋಗಿ ನಲ್ಲಿಯ ಕೆಳಗೆ ಕೈ ಹಿಡಿದೆ. ಅಯ್ಯೋ, ಥೇಟ್ ಹಾಗೇ! ಅತ್ತುಬಿಟ್ಟೆ ಅಕ್ಕಾ. ಮೂರು ತಿಂಗಳಲ್ಲಿ ನನ್ನ ಕಷ್ಟ ಗೊತ್ತಿದ್ದವರು ಒಬ್ಬರು ಸಿಕ್ಕರು.

ನಾಲ್ಕನೆಯ ಸರದಿಯ ಪುಟದಲ್ಲಿ ನೀನು ಅಂದದ್ದನ್ನು ಯಾರೋ ಹಾಗೇ ಬರೆದಿಟ್ಟಿದ್ದಾರೆ. ಆ ಕಣ ನನಗೆ ಕೊಡಲಿಲ್ಲ ಅಂದಮೇಲೆ ನನಗೆ ಏನೂ ಕೊಡಲಿಲ್ಲ, ಇನ್ನು ಯಾಕೆ ಬರಲಿ, ಅಂದೆಯಂತೆ. ಅದೇ ಪುಟದ ಕೆಳಗೆ ಸ್ಕ್ಯಾನಿನ ವರದಿ ಇದೆ: ಲಿವರಿನ ಗಡ್ಡೆಗಳು ಕಾಲುಭಾಗ ಇಳಿದಿವೆ. ಇದನ್ನು ನಿನ್ನನ್ನು ಕೂರಿಸಿಕೊಂಡು ಯಾರಾದರೂ ಹೇಳಿದರೋ ಇಲ್ಲವೋ. ಅದರ ಕೆಳಗೆ ಎರಡೇ ಸಾಲು. ಎರಡು ಸಲ ಫೋನ್ ಮಾಡಿದೆವು, ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಮಾಡಬೇಕು. ಆಮೇಲೆ ಪುಟಗಳು ಖಾಲಿ.

ಎಷ್ಟು ಸಿಟ್ಟು ಬಂತು ಗೊತ್ತಾ ನಿನ್ನ ಮೇಲೆ! ಇಳಿಯುತ್ತಿತ್ತಲ್ಲೇ ಮಾರಾಯ್ತಿ, ಸಿಕ್ಕಿದ ಮದ್ದು ಕೆಲಸ ಮಾಡುತ್ತಿತ್ತಲ್ಲ! ಸಿಗದೇ ಹೋದದ್ದನ್ನೇ ನೋಡುತ್ತಾ ಎದ್ದು ಹೋಗಿಬಿಟ್ಟೆಯಾ? ಹೀಗೆ ಬೈದು ಆ ಕಡೆ ತಿರುಗಿದರೆ ಮಂಚದ ಪಕ್ಕ ನನ್ನದೇ ಬಟ್ಟೆಯ ಗಂಟು. ಎದ್ದು ಹೋಗಲೆಂದು ಬೆಳಿಗ್ಗೆ ನಾನೂ ಕಟ್ಟಿಟ್ಟಿದ್ದೇನೆ. ಜುಬೇದಾ ನೋಡಿಯೂ ನೋಡದ ಹಾಗೆ ಹೋದಳು.

ನೀನು ವಾಸಿಯಾಗುತ್ತೀಯ ಅಂತ ಮಾತು ಕೊಡಲಾರೆ; ಅದು ಈಗಲೂ ಯಾರ ಕೈಯಲ್ಲೂ ಇಲ್ಲ. ಐದನೆಯ ಸರದಿ ಹೇಗಿರುತ್ತದೆ, ಎಷ್ಟು ದಿನ ಊಟ ಸೇರುವುದಿಲ್ಲ, ಬೆರಳು ಯಾವಾಗ ಸರಿಹೋಗುತ್ತದೆ, ಇದನ್ನೆಲ್ಲ ನೀನು ಹೇಳಬೇಕಿತ್ತು. ಸೋಮವಾರ ಭಟ್ಟಿಯ ಗದ್ದಲದಲ್ಲಿ ಫೋನ್ ಕೇಳಿಸದಿದ್ದರೆ ಹೊರಗೆ ಬಂದು ನಿಂತುಕೋ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂತ ಬರೆದು, ಸುಳ್ಳು ಅನ್ನಿಸಿ ಹೊಡೆದುಹಾಕಿದೆ. ನನಗೋಸ್ಕರ ಎತ್ತು, ಅಕ್ಕಾ. ನಾಳೆ ನನ್ನ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಸಂಕಣ್ಣ