ನಮೂನೆಯಲ್ಲಿ ಇಲ್ಲದ ಹತ್ತು ವಾರಗಳು

ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ಇಂದು ಬೆಳಿಗ್ಗೆ ನಿಮ್ಮ ಆಸ್ಪತ್ರೆಯೊಂದರಲ್ಲಿ ನರ್ಸೊಬ್ಬರು ನನ್ನ ರಕ್ತದೊತ್ತಡ ಅಳೆದು ೧೫೨ ಎಂದು ಬರೆದರು. ನನ್ನ ಮುಖ ನೋಡಿದರು. ಆ ಅಂಕಿಯನ್ನು ಅಚ್ಚುಕಟ್ಟಾಗಿ ಹೊಡೆದುಹಾಕಿದರು. "ಹೆದರ್ಕೋಬೇಡಮ್ಮ, ಇಂಜೆಕ್ಷನ್ ಏನಿಲ್ಲ. ಐದು ನಿಮಿಷ ಕೂತ್ಕೋ, ತಾನಾಗೇ ಇಳಿಯತ್ತೆ." ಐದು ನಿಮಿಷದ ನಂತರ ೧೪೮. "ನೋಡಮ್ಮ, ಇಷ್ಟೊಂದು ನಾಚ್ಕೊಂಡ್ರೆ ಮಿಷನ್ನಿಗೂ ಗಾಬರಿಯಾಗತ್ತೆ" ಎಂದು ನಕ್ಕ ವೈದ್ಯರು, 'ಗಾಬರಿ ಸ್ವಭಾವ' ಎಂದು ಬರೆದು ಕಳುಹಿಸಿದರು. ಇದು ಮೂರನೇ ಸಲ. ಮೂರು ಸಲವೂ ನಾನು ನಕ್ಕು ಎದ್ದು ಬಂದಿದ್ದೇನೆ.

ಅವರನ್ನು ದೂರಲಾರೆ. ಅವರ ಮುಂದಿದ್ದದ್ದು ತಾವು ಸಹಿ ಮಾಡಿದ ತಪಾಸಣಾ ನಮೂನೆ. ಅಪ್ಪನಿಗೆ ಸಕ್ಕರೆ ಕಾಯಿಲೆಯಿದೆಯೇ, ನಾನು ಸಿಗರೇಟು ಸೇದುತ್ತೇನೆಯೇ, ಎಷ್ಟು ಹೊತ್ತು ನಿದ್ರಿಸುತ್ತೇನೆ, ಎಲ್ಲವನ್ನೂ ಕೇಳುವ ಆ ನಮೂನೆಗೆ ನಾನು ಎಷ್ಟನೇ ವಾರಕ್ಕೆ, ಎಷ್ಟು ತೂಕವಿದ್ದು ಹುಟ್ಟಿದೆ ಎಂಬ ಕುತೂಹಲವೇ ಇಲ್ಲ. ಮೂವತ್ತನೇ ವಾರಕ್ಕೆ, ಮಾನ್ಯರೇ, ತುಂಬಬೇಕಾದ ನಲವತ್ತಕ್ಕೆ ಹತ್ತು ವಾರ ಮೊದಲೇ. ಒಂಬೈನೂರು ಗ್ರಾಂ. ಆ ವಾರದ ಮಗುವಿಗೆ ಇರಬೇಕಾದ ಬೆಳವಣಿಗೆಯೂ ಇರಲಿಲ್ಲವಂತೆ.

ನನಗೆ ಎರಡು ವರ್ಷ ತುಂಬಿದಾಗ ನಿಮ್ಮ ಮಕ್ಕಳ ವಿಭಾಗ 'ಸಹಜ ಬೆಳವಣಿಗೆ' ಎಂದು ಮುದ್ರೆಯೊತ್ತಿ ಕಡತ ಮುಚ್ಚಿತು. ಅಮ್ಮ ಆ ಮುದ್ರೆಯನ್ನು ಎಷ್ಟು ನಂಬಿದಳೆಂದರೆ, ಶಾಲೆಯ ಆರೋಗ್ಯ ಕಾರ್ಡಿನಲ್ಲಿ 'ತುಂಬು ತಿಂಗಳ ಹೆರಿಗೆ' ಎಂದೇ ಬರೆದಳು.

"ಸುಳ್ಳು ಯಾಕಮ್ಮ ಬರೆದೆ?" ಎಂದು ಇವತ್ತು ಕೇಳಿದೆ.

"ಇನ್ನೇನ್ ಬರೀಬೇಕಿತ್ತು? ಗಾಜಿನ ಪೆಟ್ಟಿಗೇಲಿ ನಲವತ್ತೆರಡು ದಿನ ಮಲಗಿದ್ಲು ಅಂತಾನಾ? ಆಟಕ್ಕೂ ಸೇರಿಸ್ಕೊಳ್ತಿರಲಿಲ್ಲ ನಿನ್ನ. ಡಾಕ್ಟ್ರೇ ಸರಿಹೋಯ್ತು ಅಂದ್ಮೇಲೆ ಮುಗೀತಲ್ಲ." ಆಮೇಲೆ ನನ್ನ ಕೈಲಿದ್ದ ಆಸ್ಪತ್ರೆಯ ಚೀಟಿ ನೋಡಿ, "ಆಗ ಸರಿಹೋಗಿದ್ದು ಈಗ ಕೆಡತ್ತಾ, ಪುಟ್ಟಿ?" ಎಂದಳು.

ಈ ಪ್ರಶ್ನೆಗೆ ಉತ್ತರಿಸಬೇಕಾದವಳು ನಾನೋ, ತಾವೋ? ನಾನು ಓದಿದ್ದು ಸಾಹಿತ್ಯ. ಆದರೂ ಗ್ರಂಥಾಲಯದಲ್ಲಿ ಕೂತು ಇಷ್ಟು ತಿಳಿದುಕೊಂಡೆ: ಮೂತ್ರಪಿಂಡದ ಪುಟ್ಟ ಪುಟ್ಟ ಸೋಸುವ ಘಟಕಗಳು ಬಹುಪಾಲು ಗರ್ಭದ ಕೊನೆಯ ವಾರಗಳಲ್ಲೇ ರೂಪುಗೊಳ್ಳುತ್ತವೆ. ಬೇಗ ಹುಟ್ಟಿದವರಲ್ಲಿ, ಗರ್ಭದಲ್ಲಿ ಸರಿಯಾಗಿ ಬೆಳೆಯದವರಲ್ಲಿ ಅವು ಕಡಿಮೆ ಇರಬಹುದು. ದೊಡ್ಡವರಾದಾಗ ರಕ್ತದೊತ್ತಡ ಏರಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ನನಗೆ ಆಗಿದೆಯೇ ಎಂದು ತಿಳಿಯಲು ರಕ್ತ, ಮೂತ್ರ ಪರೀಕ್ಷೆ ಬೇಕು. ಗಾಬರಿ ಸ್ವಭಾವದವರಿಗೆ ಅದನ್ನು ಯಾರು ಬರೆದುಕೊಡುತ್ತಾರೆ? ಜನನದ ದಾಖಲೆಯನ್ನಾದರೂ ತೋರಿಸೋಣವೆಂದು ಕೇಳಿದರೆ, 'ಸುತ್ತೋಲೆಯಂತೆ ಹಳೆಯ ಕಡತಗಳನ್ನು ವಿಲೇವಾರಿ ಮಾಡಲಾಗಿದೆ' ಎಂದು ನಿಮ್ಮ ಕಚೇರಿ ಉತ್ತರಿಸಿತು. ಆ ಸುತ್ತೋಲೆಯ ಪ್ರತಿಯೊಂದನ್ನು ನನ್ನ ಮೂತ್ರಪಿಂಡಗಳಿಗೂ ಕಳುಹಿಸಿದ್ದೀರಾ?

ನಮೂನೆಗೆ ಎರಡು ಸಾಲು ಸೇರಿಸಿ: ಹುಟ್ಟಿದ ವಾರ, ಹುಟ್ಟಿದಾಗಿನ ತೂಕ. ಎರಡನೇ ವರ್ಷಕ್ಕೆ ಕಡತ ಮುಚ್ಚುವುದನ್ನು ನಿಲ್ಲಿಸಿ. ಇರುವ ದಾಖಲೆಗಳನ್ನು ಉಳಿಸಿ.

ತಾವು ಸೇರಿಸುವವರೆಗೆ ಕಾಯಲಾರೆ. ಮಂಗಳವಾರ ಮತ್ತೆ ಬರುತ್ತೇನೆ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಆ ಎರಡು ಸಂಗತಿ ಹೇಳುತ್ತೇನೆ. ಪರೀಕ್ಷೆಗೆ ಬರೆದುಕೊಡುವತನಕ ಕುರ್ಚಿಯಿಂದ ಏಳುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಇಂತಿ,
ಹುಟ್ಟುವಾಗ ಅವಸರಪಟ್ಟು, ಬಾಯಿಬಿಡಲು ಇಪ್ಪತ್ತಮೂರು ವರ್ಷ ತಡಮಾಡಿದವಳು