ಹೆಸರು ಮುಚ್ಚಿ ಕಳಿಸಿದ ಲೇಖನ

ಅಪ್ಪನಿಗೆ ಮಗಳ ನಮಸ್ಕಾರ.

ಪದ್ಧತಿಯಂತೆ ಹೆಸರು ಮುಚ್ಚಿ ನಾನು ಸಂಶೋಧನಾ ಪತ್ರಿಕೆಗೆ ಕಳಿಸಿದ್ದ ಲೇಖನ ವಾಪಸ್ಸು ಬಂದಿದೆ. ಪರಿಶೀಲಿಸಿದವರ ಹೆಸರೂ ಇಲ್ಲ. ಆದರೆ ‘ಶಿಫಾರಸು ವ್ಯವಸ್ಥೆಗಳ ಬಗ್ಗೆ ಬರೆದೂ ಈ ಆರು ಲೇಖನಗಳನ್ನು ಉಲ್ಲೇಖಿಸದಿರುವುದು ಅಕ್ಷಮ್ಯ’ ಎಂದಿದ್ದಾರೆ. ಆರೂ ನಿಮ್ಮವೇ. ಕೊನೆಗೆ ‘ವಾದಕ್ಕೆ ಉಪ್ಪು ಸಾಲದು’ ಎಂಬ ಷರಾ. ನನ್ನ ಶಾಲೆಯ ಪ್ರಬಂಧಗಳಿಗೆಲ್ಲ ನೀವು ಹೇಳುತ್ತಿದ್ದ ಮಾತು.

ನಿಮ್ಮ ಲೇಖನಗಳನ್ನು ಉಲ್ಲೇಖಿಸಿದವರ ಸಂಖ್ಯೆ ಏರಿದಾಗಲೆಲ್ಲ ಅಮ್ಮ ಫೋನು ಮಾಡಿ, “ನಿಮ್ಮಪ್ಪನ್ನ ಲೋಕವೇ ಓದ್ತಿದೆ ಕಣೇ” ಎಂದು ಹಿಗ್ಗುತ್ತಿದ್ದಳು. ಲೋಕ ಓದುತ್ತಿರಲಿಲ್ಲ, ಲೇಖನ ವಾಪಸ್ಸಾದೀತೆಂದು ಹೆದರಿ ನಿಮ್ಮ ಹೆಸರು ಸೇರಿಸುತ್ತಿತ್ತು. ಜನರ ಇಷ್ಟವನ್ನು ಹುಡುಕಿಕೊಡುವ ಶಿಫಾರಸು ಯಂತ್ರದ ಬಗ್ಗೆ ಬರೆದೂ ಬರೆದೂ, ಏನು ಕೇಳಿದರೂ ತನ್ನನ್ನೇ ತೋರಿಸುವ ಯಂತ್ರವಾಗಿಬಿಟ್ಟಿದ್ದೀರಿ. ಹೇಸಿಗೆಯಾಗುತ್ತದೆ.

ಭಾನುವಾರ ನಿಮ್ಮ ಸನ್ಮಾನಕ್ಕೆ ಬರುವುದಿಲ್ಲ. ನನಗೆ ಜ್ವರವೆಂದು ಅಮ್ಮನಿಗೆ ನೀವೇ ಹೇಳಿ. ನನ್ನ ಕುರ್ಚಿಯಲ್ಲಿ ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರನ್ನಾದರೂ ಕೂರಿಸಿ, ಚಪ್ಪಾಳೆಯನ್ನಂತೂ ತಪ್ಪದೆ ತಟ್ಟುತ್ತಾರೆ.

ಇನ್ನೊಂದು ಮಾತು. ಆ ಆರರಲ್ಲಿ ಮೊದಲನೆಯದು, ನೀವು ಚಿಕ್ಕ ವಯಸ್ಸಿನಲ್ಲಿ ಬರೆದದ್ದು, ನಿಜಕ್ಕೂ ಚೆನ್ನಾಗಿದೆ. ಅದಕ್ಕೇ ನನ್ನ ಲೇಖನ ಶುರುವಾಗುವುದೇ ಅದರ ಉಲ್ಲೇಖದಿಂದ. ಮೊದಲ ಸಾಲನ್ನಾದರೂ ಓದಬಾರದಿತ್ತೇ, ಅಪ್ಪಾ?

ನಿಮ್ಮ ಮಗಳು